ಅಪ್‌ಡೇಟ್: ಸಮುದ್ರದಲ್ಲಿ ಈಜುವಾಗ ಒಂದೇ ಕಡೆ ಸರಿಯುವ ಸಮಸ್ಯೆ

ಪೂಲ್‌ನಲ್ಲಿ ನೇರ ಸಾಗುವ ನನ್ನ ಫ್ರೀಸ್ಟೈಲ್ ಈಜು ಗೋವಾದ ಬೋಗ್ಮಾಲೋದಲ್ಲಿ ಯಾಕೆ ಸದಾ ಎಡಕ್ಕೇ ಎಳೆಯುತ್ತದೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ, ಮುಖ್ಯವಾಗಿ ವಾಸ್ಕೋದ ಕನ್ನಡ ಗೆಳೆಯರಿಗೆ, ತುಂಬಾ ಧನ್ಯವಾದ. ಸಮಸ್ಯೆ ಬಗೆಹರಿದಿದೆ.

ಕಾರಣ ಅಲೆಯಲ್ಲ, ಕೈ. ಪೂಲ್‌ನಲ್ಲಿ ತಳದ ಕಪ್ಪು ಗೆರೆ ನೋಡುತ್ತ ಗೊತ್ತಿಲ್ಲದೆಯೇ ದಿಕ್ಕು ತಿದ್ದಿಕೊಳ್ಳುತ್ತಿರುತ್ತೇವೆ. ಸಮುದ್ರದಲ್ಲಿ ಆ ಗೆರೆ ಎಲ್ಲಿ? ಪರೀಕ್ಷೆ ಹೀಗೆ: ಖಾಲಿ ಲೇನ್‌ನ ನಡುವೆ, ಕಣ್ಣು ಮುಚ್ಚಿ 10 ಸ್ಟ್ರೋಕ್ (ಕೈಬೀಸು) ಹಾಕಿ, ಯಾವ ಕಡೆಯ ಹಗ್ಗ ತಾಗುತ್ತದೆ ನೋಡಿ. ಒಂದೇ ಬದಿಗೆ ಉಸಿರೆಳೆಯುವವರಲ್ಲಿ ಮುಂದೆ ಚಾಚಿದ ಕೈ ತಲೆಯ ನಡುಗೆರೆ ದಾಟಿ ಬೀಳುವುದು ಸಾಮಾನ್ಯ, ದಿಕ್ಕು ತಪ್ಪಿಸುವುದು ಅದೇ. ಕೈ ಭುಜದ ನೇರಕ್ಕೇ ನೀರಿಗಿಳಿಯಬೇಕು. 3 ಸ್ಟ್ರೋಕ್‌ಗೊಮ್ಮೆ ಉಸಿರಾಡಿದರೆ ಎರಡೂ ಬದಿ ಸಮವಾಗುತ್ತದೆ.

ದಿಕ್ಕು ನೋಡಲು 6–8 ಸ್ಟ್ರೋಕ್‌ಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರೆಳೆಯಿರಿ. ಪೂರ್ತಿ ತಲೆ ಎತ್ತಿದರೆ ಸೊಂಟ, ಕಾಲು ಮುಳುಗುತ್ತವೆ. ಗುರಿಗೆ ದಡದ ಹಿಂದಿನ ಎತ್ತರದ ಕಟ್ಟಡವೇ ಒಳ್ಳೆಯದು. ತಗ್ಗಿನಲ್ಲಿರುವುದನ್ನು ಅಲೆ ಮರೆಮಾಡುತ್ತದೆ.

ಉಪ್ಪುನೀರಿನಲ್ಲಿ ಕತ್ತು ಉಜ್ಜಿ ಉರಿಯುತ್ತದೆ, ಅದಕ್ಕೆ ವ್ಯಾಸಲೀನ್. ಗಾಗಲ್ಸ್ ಮುಟ್ಟುವ ಮೊದಲು ಬೆರಳು ಚೆನ್ನಾಗಿ ಒರೆಸಿಕೊಳ್ಳಿ. ಜಿಡ್ಡು ಲೆನ್ಸ್‌ಗೆ ಹತ್ತಿದರೆ ಸಮುದ್ರದ ಮಧ್ಯೆ ಏನೂ ಮಾಡಲಾಗದು.

ಮಳೆಗಾಲದಲ್ಲಿ, ಅಥವಾ ಕೆಂಪು ಬಾವುಟವಿದ್ದ ದಿನ, ದಯವಿಟ್ಟು ಪೂಲ್‌ನಲ್ಲೇ ಅಭ್ಯಾಸ ಮಾಡಿ. ಒಬ್ಬರೇ ಇಳಿಯಬೇಡಿ, ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಟೋ ಫ್ಲೋಟ್ (ಹಿಂದೆ ತೇಲಿಬರುವ ಗಾಳಿಚೀಲ) ಇದ್ದರೆ ದೋಣಿಯವರ ಕಣ್ಣಿಗೆ ದೂರದಿಂದಲೇ ಬೀಳುತ್ತೀರಿ.