ಮಂಡಿ ಸವೆತಕ್ಕೆ ಆರ್‌ಎಫ್: ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ತೀರ್ಥಹಳ್ಳಿ): ಅಮ್ಮನಿಗೆ 66 ವರ್ಷ, ಶುಗರ್ ಇದೆ. ಎಕ್ಸ್‌ರೇಯಲ್ಲಿ ಎರಡೂ ಮಂಡಿ ಸವೆತ 3ನೇ ಗ್ರೇಡ್. ಮಂಡಿ ಬದಲಿಸಲು ಒಪ್ಪುತ್ತಿಲ್ಲ. ರೇಡಿಯೊ ತರಂಗದ ಶಾಖದಿಂದ ನೋವಿನ ನರ ಸುಡುವ ಆರ್‌ಎಫ್ (ರೇಡಿಯೊಫ್ರೀಕ್ವೆನ್ಸಿ) ಮಾಡಿಸಬಹುದೇ?

ನೋವು ಚಿಕಿತ್ಸೆಯ ವೈದ್ಯರು, ಶಿವಮೊಗ್ಗ: ಮಾಡಿಸಬಹುದು, ಆದರೆ ಮೊದಲು ಪರೀಕ್ಷೆಗೆಂದು ಬ್ಲಾಕ್ (ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುವ ಇಂಜೆಕ್ಷನ್) ಹಾಕಿಸಲೇಬೇಕು. ಮಂಡಿಯ ಮೇಲೆ ಎರಡೂ ಪಕ್ಕ, ಕೆಳಗೆ ಒಳಪಕ್ಕ, ಈ ಮೂರು ಕಡೆ ಮಂಡಿನೋವು ಒಯ್ಯುವ ಜೆನಿಕ್ಯುಲರ್ ನರದ ಹತ್ತಿರ ಸುಮಾರು ಒಂದೊಂದು ಎಂ.ಎಲ್. ಮರಗಟ್ಟಿಸುವ ಔಷಧಿ ಕೊಡುತ್ತಾರೆ. ಕೆಳಗಿನ ಹೊರಪಕ್ಕ ಮುಟ್ಟುವುದಿಲ್ಲ. ಪಾದ ಎತ್ತುವ ನರ ಅಲ್ಲೇ ಹಾದುಹೋಗುತ್ತದೆ, ಅದಕ್ಕೆ ಏಟಾದರೆ ಪಾದ ಜೋತುಬೀಳುತ್ತದೆ. ಔಷಧಿ ಇಳಿಯುವುದರೊಳಗೆ ಅಮ್ಮನನ್ನು ಮೆಟ್ಟಿಲು ಹತ್ತಿಸಿ, ಕೂರಿಸಿ ಏಳಿಸಿ ನೋಡಿ. ನೋವು ಅರ್ಧಕ್ಕರ್ಧವೂ ಕಡಿಮೆಯಾಗದಿದ್ದರೆ ಆರ್‌ಎಫ್‌ಗೆ ದುಡ್ಡು ಹಾಕಬೇಡಿ. ಆಗ ನೋವು ಬೇರೆ ಕಡೆಯಿಂದ ಬರುತ್ತಿದೆಯೇ ಎಂದು ಸೊಂಟ, ತೊಡೆಸಂದಿನ ಕೀಲು ಪರೀಕ್ಷಿಸಬೇಕು.

ಸಾಮಾನ್ಯ ಆರ್‌ಎಫ್‌ನಲ್ಲಿ ಸೂಜಿಯ ತುದಿ ಸುಮಾರು 80 ಡಿಗ್ರಿಗೆ ಕಾಯುತ್ತದೆ, ಒಂದೊಂದು ಕಡೆ 90 ಸೆಕೆಂಡಿನಷ್ಟು. ಒಳಗೆ ನೀರು ಹರಿಸಿ ತಂಪಾಗಿಡುವ ಸೂಜಿಯಾದರೆ 60 ಡಿಗ್ರಿ. ಸುಡುವ ಜಾಗ ಅಗಲವಾಗುವುದರಿಂದ ನರ ತಪ್ಪಿಹೋಗುವುದು ಕಡಿಮೆ. ಈ ತಂಪು ಸೂಜಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೊದಲ ಒಂದೆರಡು ವಾರ ನೋವು ಹೆಚ್ಚಾಗಬಹುದು, ಗಾಬರಿಯಾಗಬೇಡಿ. ಹೊಂದಿದವರಿಗೆ ಆರು ತಿಂಗಳಿಂದ ವರ್ಷದವರೆಗೆ ಆರಾಮ. ಆಮೇಲೆ ನರ ಮತ್ತೆ ಬೆಳೆಯುತ್ತದೆ. ಸವೆದದ್ದು ಮಾತ್ರ ಸವೆದದ್ದೇ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ಫಿಸಿಯೊ, ಸಾಗರ: ಆ ಆರು ತಿಂಗಳಲ್ಲಿ ತೊಡೆಯ ಸ್ನಾಯು ಗಟ್ಟಿಯಾಗದಿದ್ದರೆ ಖರ್ಚೆಲ್ಲ ವ್ಯರ್ಥ. ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಿ ಐದು ಸೆಕೆಂಡ್ ಹಿಡಿಯಬೇಕು. ಹತ್ತು ಸಲ, ಬೆಳಿಗ್ಗೆ ಸಂಜೆ. ಉಸಿರು ಕಟ್ಟಬಾರದು. ನೆಲದಲ್ಲಿ ಕೂತು ಅಡಿಕೆ ಸುಲಿಯುವುದು ಬಿಡಿಸಿ, ಕತ್ತಿಯನ್ನು ಬೆಂಚಿನ ಎತ್ತರಕ್ಕೆ ಕೂರಿಸಿಕೊಡಿ. ತೋಟದ ದಾರಿಯಲ್ಲಿ ಇಳಿಯುವಾಗ ಹೆಚ್ಚು ನೋವಿನ ಕಾಲು ಮೊದಲು, ಹತ್ತುವಾಗ ಇನ್ನೊಂದು ಮೊದಲು. ಕೋಲು ಹೆಚ್ಚು ನೋವಿನ ಕಾಲಿನ ಎದುರು ಕೈಯಲ್ಲಿ.

ಪ್ರಶ್ನೆ ಕೇಳಿದವರು: ಆರ್‌ಎಫ್ ಬದಲು ಮಂಡಿಯೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಸಾಕು, ಅಗ್ಗ ಅಂತಾರಲ್ಲ?

ನರ್ಸ್, ಹೊಸನಗರ: ಮಂಡಿ ಊದಿಕೊಂಡಿದ್ದರೆ ಅದು ಒಳ್ಳೆಯದೇ, ಆದರೆ ಆರಾಮ ಕೆಲವೇ ವಾರ. ಶುಗರ್ ಏರುತ್ತದೆ, ಒಂದು ವಾರ ದಿನಾ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ಮೂರು ತಿಂಗಳೊಳಗೆ ಮತ್ತೆ ಬೇಡ. ಮುಂದೆ ಮಂಡಿ ಬದಲಿಸಲು ಒಪ್ಪಿದರೂ ಇಂಜೆಕ್ಷನ್ ಆಗಿ ಮೂರು ತಿಂಗಳು ಕಾಯಬೇಕು, ಇಲ್ಲದಿದ್ದರೆ ಸೋಂಕಿನ ಭಯ. ಇಂಜೆಕ್ಷನ್ ಆದಮೇಲೆ ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಬೆಳಗಾಗಲಿ ಅಂತ ಕಾಯಬೇಡಿ.