ಅಪ್‌ಡೇಟ್: ಮಸ್ಟಾಂಗ್ ವಿ6ಗೆ 3.73 ಗೇರ್ ಹಾಕಿಸಿದೆ

ನನ್ನ 2011ರ ಫೋರ್ಡ್ ಮಸ್ಟಾಂಗ್ ಕಾರಿಗೆ (3.7 ಲೀಟರ್ ವಿ6, 305 ಹಾರ್ಸ್‌ಪವರ್) ಮೊದಲು ಹೊಸ ಏರ್ ಇಂಟೇಕ್ (ಇಂಜಿನ್‌ಗೆ ಗಾಳಿ ಎಳೆಯುವ ಪೈಪ್) ಹಾಕಿಸಲಾ, ಹಿಂದಿನ ಆಕ್ಸಲ್ ಗೇರ್ ಬದಲಿಸಲಾ ಅಂತ ಕೇಳಿದ್ದೆ. ಹೆಚ್ಚಿನವರು ಗೇರ್ ಅಂದಿರಿ. ತುಂಬಾ ಥ್ಯಾಂಕ್ಸ್! ಇಲ್ಲಿ ಡಲ್ಲಾಸ್‌ನಲ್ಲೇ 2.73 ರೇಶಿಯೋದ ಗೇರ್ ತೆಗೆಸಿ 3.73 ಹಾಕಿಸಿದೆ, ಅಂದರೆ ಈಗ ಚಕ್ರ ಒಂದು ಸುತ್ತು ಸುತ್ತಲು ಡ್ರೈವ್‌ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಪವರ್ ಒಯ್ಯುವ ದಂಡ) 3.73 ಸುತ್ತು ಸುತ್ತುತ್ತದೆ.

ಸಿಗ್ನಲ್ ಬಿಟ್ಟ ಕೂಡಲೇ ಗಾಡಿ ಚಿಮ್ಮುತ್ತದೆ. ಎರಡನೇ ಗೇರಿನಲ್ಲೂ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಇಂಜಿನ್ ಪವರ್ ಒಂಚೂರೂ ಏರಿಲ್ಲ, ಆದರೆ ಚಕ್ರಕ್ಕೆ ಸಿಗುವ ಟಾರ್ಕ್ (ತಿರುಗಿಸುವ ಬಲ) ಸುಮಾರು ಶೇ. 37 ಜಾಸ್ತಿ. ಹೈವೇಯಲ್ಲಿ ಇಂಜಿನ್ ಆರ್‌ಪಿಎಂ (ನಿಮಿಷಕ್ಕೆ ಸುತ್ತುವ ಸುತ್ತು) ಕೂಡ ಅಷ್ಟೇ ಏರುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನನಗೆ ಅದು ಪರವಾಗಿಲ್ಲ.

ಹಾಕಿಸುವವರು ಟ್ಯೂನರ್‌ನಲ್ಲಿ (ಕಾರಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವ ಸಾಧನ) ಹೊಸ ರೇಶಿಯೋ ಕೊಡಿಸಲೇಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಮೊದಲ 500 ಮೈಲಿ ಜೋರಾಗಿ ಎಳೆಯಬೇಡಿ. ಆಮೇಲೆ ಡಿಫರೆನ್ಷಿಯಲ್ (ಈ ಗೇರ್ ಇರುವ ಹಿಂದಿನ ಆಕ್ಸಲ್ ಭಾಗ) ಆಯಿಲ್ ಬದಲಿಸಿ. ಇಂಟೇಕ್ ಸದ್ಯಕ್ಕೆ ಬೇಡ, ಮುಂದಿನ ದುಡ್ಡು ಒಳ್ಳೆ ಟೈರಿಗೆ.