ಕುಸ್ತಿ ಒಕ್ಕೂಟಕ್ಕೆ ಮಾನ್ಯತೆ ಕೊಡುವವರು ಯಾರು?

ಪ್ರಶ್ನೆ — ಗರಡಿಯ ಶಿಷ್ಯ, ಬೆಳಗಾವಿ:
ಹಿರಿಯರಿಗೆ ನಮಸ್ಕಾರ. ನಮ್ಮ ಗರಡಿಯಲ್ಲಿ ಹನುಮಪ್ಪನ ಪಟದ ಕೆಳಗೆ, ಕಟ್ಟು ಹಾಕಿಸಿದ ಪ್ರಮಾಣಪತ್ರವೊಂದು ತೂಗುತ್ತಿದೆ. ಸಾಂಗಲಿಯಿಂದ ಇಲ್ಲಿಗೆ ತಾಲೀಮಿಗೆ ಬರುವ ಪೈಲ್ವಾನರೊಬ್ಬರು 2024ರ ಜನವರಿಯಲ್ಲಿ ಪುಣೆಯ ರಾಷ್ಟ್ರೀಯ ಕುಸ್ತಿಯಿಂದ ಅದನ್ನು ತಂದಿದ್ದರು. ಕ್ರೀಡಾ ಕೋಟಾದ ಅರ್ಜಿಯೊಡನೆ ಅದರ ನಕಲು ಲಗತ್ತಿಸಿದಾಗ ಕಚೇರಿಯವರು ಮಾನ್ಯವಲ್ಲವೆಂದು ಹಿಂದಿರುಗಿಸಿದರು. ಒಕ್ಕೂಟವೇ ನಡೆಸಿದ ಪಂದ್ಯ ಹೇಗೆ ಅಮಾನ್ಯವಾಗುತ್ತದೆ?

ಉತ್ತರ — ನಿವೃತ್ತ ದೈಹಿಕ ಶಿಕ್ಷಕ, ವಿಜಯಪುರ:
ತಮ್ಮಾ, ಒಕ್ಕೂಟವೆಂಬುದು ಸರಕಾರಿ ಇಲಾಖೆಯಲ್ಲ, ನೋಂದಾಯಿತ ಸಂಘ. ಅದಕ್ಕೆ ಎರಡು ಕಡೆಯಿಂದ ಒಪ್ಪಿಗೆ ಬೇಕು: ವಿದೇಶದ ಅಖಾಡಕ್ಕೆ ತಂಡ ಕಳಿಸಲು ಅಂತರರಾಷ್ಟ್ರೀಯ ಕುಸ್ತಿ ಸಂಸ್ಥೆಯದು, ಅನುದಾನಕ್ಕೂ ಪ್ರಮಾಣಪತ್ರದ ಬೆಲೆಗೂ ಕೇಂದ್ರ ಕ್ರೀಡಾ ಸಚಿವಾಲಯದ್ದು. 2023ರ ಡಿಸೆಂಬರ್ 21ರಂದು ಒಕ್ಕೂಟದ ಚುನಾವಣೆ ಮುಗಿದು ಮೂರೇ ದಿನಕ್ಕೆ ಸಚಿವಾಲಯ ಅದನ್ನು ಅಮಾನತಿನಲ್ಲಿಟ್ಟಿತು. ಹೊಸ ಪದಾಧಿಕಾರಿಗಳು ಕಿರಿಯರ ರಾಷ್ಟ್ರೀಯ ಪಂದ್ಯಗಳನ್ನು ಅವಸರದಲ್ಲಿ ಘೋಷಿಸಿದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಆ ಅಮಾನತಿನ ನಡುವೆಯೇ ಒಕ್ಕೂಟ ಪುಣೆಯಲ್ಲಿ ಪಂದ್ಯಾವಳಿ ನಡೆಸಿತು. ಕೆಲವೇ ದಿನಗಳಲ್ಲಿ, ಒಕ್ಕೂಟದ ಬದಲಿಗೆ ಕೆಲಸ ನೋಡಿಕೊಳ್ಳಲು ನೇಮಿಸಿದ್ದ ತಾತ್ಕಾಲಿಕ ಸಮಿತಿ ಜೈಪುರದಲ್ಲಿ ಇನ್ನೊಂದನ್ನು ನಡೆಸಿತು. ಸಚಿವಾಲಯ ಲೆಕ್ಕಕ್ಕೆ ಹಿಡಿದದ್ದು ಜೈಪುರದ್ದನ್ನು. ವಿಚಿತ್ರವೆಂದರೆ, ಅಂತರರಾಷ್ಟ್ರೀಯ ಸಂಸ್ಥೆ ತಾನೂ ಒಕ್ಕೂಟದ ಮೇಲೆ ಹೇರಿದ್ದ ಅಮಾನತನ್ನು 2024ರ ಫೆಬ್ರವರಿಯಲ್ಲೇ ತೆಗೆದರೂ ಸಚಿವಾಲಯ ತೆಗೆದದ್ದು 2025ರ ಮಾರ್ಚ್‌ನಲ್ಲಿ. ಅಷ್ಟು ದಿನ ಒಕ್ಕೂಟ ಹೊರಗೆ ಸಲ್ಲುತ್ತಿತ್ತು, ಮನೆಯಲ್ಲಿ ಸಲ್ಲುತ್ತಿರಲಿಲ್ಲ. ಇಬ್ಬರ ಜಗಳದಲ್ಲಿ ಮಣ್ಣು ಮುಕ್ಕಿದವನು ಪೈಲ್ವಾನನೇ ಎಂಬುದು ನನ್ನ ಅಭಿಪ್ರಾಯ.

ಉತ್ತರ — ವಕೀಲ, ಬಾಗಲಕೋಟೆ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಚುನಾವಣೆಯ ಅಧ್ಯಕ್ಷ ಸ್ಥಾನ 40–7 ಮತಗಳಲ್ಲಿ ತೀರ್ಮಾನವಾಯಿತು. ಮತ ಹಾಕಿದವರು ರಾಜ್ಯ ಸಂಘಗಳ ಪ್ರತಿನಿಧಿಗಳೇ ಹೊರತು ಗರಡಿಯ ಪೈಲ್ವಾನರಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಕಾರ್ಯಕಾರಿ ಸಮಿತಿಯನ್ನು ಹದಿನೈದು ಜನಕ್ಕೆ ಮಿತಿಗೊಳಿಸಿ, ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕೆಂದೂ ಸಾಧಕ ಕ್ರೀಡಾಪಟುಗಳಿಗೆ ಸ್ಥಾನವಿರಬೇಕೆಂದೂ ಹೇಳುತ್ತದೆ. ಮಾನ್ಯತೆ ಕೊಡುವ ಅಧಿಕಾರ ಕ್ರೀಡಾ ಮಂಡಳಿಗೆ, ವ್ಯಾಜ್ಯಗಳು ಕ್ರೀಡಾ ನ್ಯಾಯಮಂಡಳಿಗೆ. ನಿಮ್ಮವರು ಸದ್ಯಕ್ಕೆ, ಅರ್ಜಿ ತಿರಸ್ಕರಿಸಿದ ಕಾರಣವನ್ನು ಆ ಕಚೇರಿಯಿಂದ ಬರಹದಲ್ಲಿ ಪಡೆಯಲಿ. ಬಾಯಿಮಾತಿನ ಮೇಲೆ ಮೇಲ್ಮನವಿ ನಿಲ್ಲುವುದಿಲ್ಲ.

ಗರಡಿಯ ಶಿಷ್ಯ:
ಇಬ್ಬರಿಗೂ ಧನ್ಯವಾದಗಳು. ಕಟ್ಟು ಬಿಚ್ಚಿ ಮೂಲಪ್ರತಿ ಕೊಡಲು ವಸ್ತಾದರು ಒಪ್ಪಿದ್ದಾರೆ. ಕಚೇರಿಗೆ ಬರೆಯುವ ಪತ್ರದ ಕರಡನ್ನು ನಾಳೆ ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.